ಮಗುವನ್ನು ಎತ್ತಿಕೊಳ್ಳುವವರು ಯಾರು

ಸಾಬಾ "ಆಗಲ್ಲ" ಎಂದ.

ನನ್ನ ಕಿವಿಯೇ ಕೆಟ್ಟಿದೆ ಎಂದುಕೊಂಡೆ. ಭಾನುವಾರದ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಊರಿಗೆ ಊರೇ ಕಾಫಿ ಕುಡಿಯುತ್ತ ನಿಂತಿತ್ತು. ನನ್ನ ಅಮ್ಮ, ಊರಿನವರ ಬಾಯಲ್ಲಿ ಉಮ್ಮ್ ಮಿತ್ರಿ, ಅಂದರೆ ಮಿತ್ರಿಯ ತಾಯಿ, ಕರಿಬಟ್ಟೆಯಲ್ಲೇ ಅಷ್ಟೂ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಸಾಬಾನ ತೋಳು ಹಿಡಿದಿದ್ದಳು. "ನನ್ನ ಮಿತ್ರಿ ಮಗನಿಗೆ ನೀನೇ ಜ್ಞಾನತಂದೆ ಆಗ್ಬೇಕು ಕಣಪ್ಪ. ಶಿಲುಬೆ ಹಬ್ಬ ಮುಗಿದ ಮೇಲೆ, ಬರೋ ಭಾನುವಾರ ಜ್ಞಾನಸ್ನಾನ ಇಟ್ಕೊಂಡಿದ್ದೀವಿ. ಮಗೂನ ನೀನೇ ಎತ್ಕೋಬೇಕು" ಎಂದಿದ್ದಳು. ಸುತ್ತಲಿದ್ದ ಹೆಂಗಸರು ಆಗಲೇ "ಮಬ್ರೂಕ್, ಮಬ್ರೂಕ್" ಎಂದು ಹರಸಲು ಶುರುಮಾಡಿದ್ದರು. ಸಾಬಾನ ಮುಖ ಸುಣ್ಣದ ಹಾಗಾಯಿತು. ಕಾಫಿ ಲೋಟ ಗೋಡೆಯ ಮೇಲಿಟ್ಟು, ಅಮ್ಮನ ಕೈಯನ್ನು ಮೆಲ್ಲಗೆ ಬಿಡಿಸಿ, "ಆಗಲ್ಲ ದೊಡ್ಡಮ್ಮ. ಕ್ಷಮಿಸಿ" ಎಂದು ಹೊರಟೇಬಿಟ್ಟ.

ನಮ್ಮಲ್ಲಿ ಇದಕ್ಕೆ ಯಾರೂ ಇಲ್ಲವೆನ್ನುವುದಿಲ್ಲ. ಮದುವೆಗೆ ಕರೆದರೆ ನೆಪ ಹೇಳಬಹುದು, ಸಾವಿಗೆ ಹೋಗದಿದ್ದರೂ ಜನ ಮರೆತಾರು. ಮಗುವಿಗೆ ಜ್ಞಾನತಂದೆಯಾಗು ಎಂದು ಕರೆದಾಗ ಒಲ್ಲೆ ಎಂದವನನ್ನು ನಾನಂತೂ ಹುಟ್ಟಿದ ಮೇಲೆ ಕಂಡಿರಲಿಲ್ಲ. ಮಾತುಬಿಟ್ಟ ಮನೆಯವರು ಕರೆದರೂ ಹೋಗಿ, ಮಗುವನ್ನು ಎತ್ತಿಕೊಂಡು, ಮತ್ತೆ ಮಾತುಬಿಟ್ಟು ವಾಪಸು ಬಂದವರಿದ್ದಾರೆ. ಇವನು ನೋಡಿದರೆ ನನ್ನ ತಮ್ಮ ಮಿತ್ರಿಯ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಇಬ್ಬರ ಉಪ್ಪಿನ ಆಗರಗಳೂ ಅಕ್ಕಪಕ್ಕ. ಜನವರಿಯಲ್ಲಿ ಉಪ್ಪು ತುಂಬಿದ ಲಾರಿ ಶೆಕ್ಕಾ ಇಳಿಜಾರಿನಲ್ಲಿ ಮಗುಚಿದಾಗ ಕಬ್ಬಿಣ ಬಗ್ಗಿಸಿ ಮಿತ್ರಿಯನ್ನು ಹೊರಗೆಳೆದವನು ಇವನೇ. ಅವನ ಕೈಯಲ್ಲೇ ಮಿತ್ರಿ ಹೋದದ್ದು. ಮಗು ಹುಟ್ಟಿದ್ದು ಏಪ್ರಿಲ್‌ನಲ್ಲಿ, ಅಪ್ಪನ ಮುಖ ನೋಡದೆ. ಅಂಥ ಮಗುವಿಗೆ ಇವನು ಆಗಲ್ಲ ಎಂದ!

"ಅಯ್ಯೋ ಸ್ವಾಮಿ" ಎಂದು ಉಮ್ಮ್ ಫದ್ಲೊ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ನಮ್ಮ ಬೀದಿಯ ಕೊನೆಯ ಮನೆಯವಳು. ಅವಳಿಗೆ ತಿಳಿದ ಸುದ್ದಿ ಚರ್ಚಿನ ಗಂಟೆಗಿಂತ ಬೇಗ ಊರೆಲ್ಲ ಕೇಳುತ್ತದೆ. "ಅಲ್ಲ ಝಕಿಯ್ಯೆ, ಅವನಿಗೇನು ಬಂತು?"

"ಬರುತ್ತೆ, ಈಗ ಬರುತ್ತೆ" ಎಂದೆ ನಾನು. ಅಮ್ಮನನ್ನು ತಮ್ಮನ ಹೆಂಡತಿ ವಿದಾದ್‌ಗೆ ಒಪ್ಪಿಸಿ, ಪೂಜೆಗೆಂದು ಉಟ್ಟ ಬಟ್ಟೆಯಲ್ಲೇ ಸಮುದ್ರದ ಕಡೆ ಬಿರಬಿರನೆ ನಡೆದೆ. ಹೋಗುವಾಗ ತಿರುಗಿ ನೋಡಿದ್ದೆ. ವಿದಾದ್ ಮಗುವನ್ನು ಎದೆಗೊತ್ತಿಕೊಂಡು ನೆಲ ನೋಡುತ್ತಿದ್ದಳು. ಪಾಪ, ಅವಳಿಗೆಷ್ಟು ಅವಮಾನವಾಗಿರಬೇಕು ಎಂದುಕೊಂಡು ನನ್ನ ಸಿಟ್ಟು ಇನ್ನೂ ನೆತ್ತಿಗೇರಿತು.

ಸಾಬಾ ಆಗರದಲ್ಲಿದ್ದ. ಪೂಜೆಯ ಪ್ಯಾಂಟನ್ನೇ ಮೊಣಕಾಲಿನವರೆಗೆ ಮಡಿಚಿ, ಭಾನುವಾರವೆಂದೂ ನೋಡದೆ, ಮರದ ಹಲಗೆಯಿಂದ ಉಪ್ಪು ಎಳೆದು ಗುಡ್ಡೆ ಹಾಕುತ್ತಿದ್ದ. ಈ ವರ್ಷದ ಕೊನೆಯ ಉಪ್ಪು ಅದು. ಮೇಲೆ ಸಮುದ್ರದ ನೀರೆತ್ತುವ ಗಾಳಿಚಕ್ರ ಕೀರಲು ದನಿಯಲ್ಲಿ ತಿರುಗುತ್ತಿತ್ತು.

"ಏನೋ, ತಲೆ ನೆಟ್ಟಗಿದೆಯಾ ನಿಂಗೆ? ನನ್ನ ತಮ್ಮನ ತಟ್ಟೇಲಿ ಕೈ ಹಾಕಿ ತಿಂದವ್ನು ನೀನು. ಆ ಮುದುಕೀನ ಊರ ಮುಂದೆ ಹಾಗೆ ನಿಲ್ಲಿಸ್ಬಿಟ್ಟು ಬಂದೆಯಲ್ಲ, ನಾಚಿಕೆ ಆಗ್ಲಿಲ್ವಾ?"

"ಅಕ್ಕ, ಕೂಗಬೇಡಿ."

"ಕೂಗ್ತೀನಿ! ಸೈಪ್ರಸ್‌ವರೆಗೂ ಕೇಳಿಸ್ಲಿ. ಜ್ಞಾನತಂದೆ ಅಂತ ಮಗೂಗೆ ಬಟ್ಟೆ ತರೋಕೆ ಕಷ್ಟಾನಾ? ಮೇಣದ ಬತ್ತಿ ತರೋಕೆ ಕಷ್ಟಾನಾ? ಬಟ್ಟೆ ನಾನೇ ಹೊಲ್ದು ಕೊಡ್ತಿದ್ನಲ್ಲೋ ಜಿಪುಣ! ನೀನು ಬಂದು ಎತ್ಕೊಂಡಿದ್ರೆ ಸಾಕಿತ್ತು."

ಸಾಬಾ ಹಲಗೆಯನ್ನು ನೆಲಕ್ಕೂರಿ ಅದರ ಮೇಲೆ ಎರಡೂ ಕೈಯಿಟ್ಟು ನಿಂತ. "ನಾನು ಮಗೂನ ಎತ್ಕೊಂಡ್ರೆ, ಅಕ್ಕ, ವಿದಾದ್ ನನಗೆ ಏನಾಗ್ತಾರೆ?"

"ಏನಾಗ್ತಾಳೆ? ತಂಗಿ ಆಗ್ತಾಳೆ. ಅದ್ರಲ್ಲೇನಿದೆ ಕೇಳೋಕೆ..."

ಅಲ್ಲಿಗೆ ನನಗೆ ಹೊಳೆಯಿತು.

ಚಿಕ್ಕಂದಿನಿಂದ ನಮಗೆಲ್ಲ ಗೊತ್ತಿರುವ ಮಾತೇ ಇದು. ಜ್ಞಾನಸ್ನಾನದ ನೀರಿನಿಂದ ಹುಟ್ಟುವ ನಂಟು ರಕ್ತದ ನಂಟಿಗಿಂತ ಮೇಲು. ಜ್ಞಾನತಂದೆಯಾದವನಿಗೆ ಆ ಮಗುವಿನ ತಾಯಿ ಒಡಹುಟ್ಟಿದವಳ ಸಮಾನ. ಅವಳು ಗಂಡ ಸತ್ತವಳಾದರೂ ಸರಿಯೇ, ಅವರಿಬ್ಬರಿಗೆ ನಮ್ಮ ಚರ್ಚಿನಲ್ಲಿ ಯಾವ ಪಾದ್ರಿಯೂ ಕಿರೀಟವಿಟ್ಟು ಮದುವೆ ಮಾಡಿಸುವುದಿಲ್ಲ. ಗೊತ್ತಿದ್ದರೂ ನನಗದು ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ವಿದಾದ್ ನನ್ನ ತಮ್ಮನ ಹೆಂಡತಿ. ಅವಳ ಕರಿಬಟ್ಟೆಯನ್ನು ನನ್ನ ಕೈಯಾರೆ ಹೊಲಿದು ಇನ್ನೂ ವರ್ಷವಾಗಿಲ್ಲ.

ಕೈಗೆ ಸಿಕ್ಕ ಹಸಿ ಉಪ್ಪನ್ನು ಬಾಚಿ ಅವನ ಎದೆಗೆಸೆದೆ. ಅವನು ಒರೆಸಿಕೊಳ್ಳಲೂ ಇಲ್ಲ.

"ಅವಳಿಗೆ ಗೊತ್ತಾ?" ಎಂದೆ.

"ನಾನು ಅವರ ಹತ್ರ ಈ ಬಗ್ಗೆ ಒಂದು ಮಾತೂ ಆಡಿಲ್ಲ. ಮಿತ್ರಿ ಮೇಲಾಣೆ. ವರ್ಷದ ಪೂಜೆ ಮುಗೀಲಿ, ಆಮೇಲೆ ದೊಡ್ಡಮ್ಮನ ಹತ್ರಾನೇ ಬಂದು ಕೇಳೋಣ ಅಂತಿದ್ದೆ. ಅವರು ಬೇಡ ಅಂದ್ರೆ ಬೇಡ, ವಿದಾದ್ ಬೇಡ ಅಂದ್ರೂ ಬೇಡ. ಆದ್ರೆ ಕೇಳೋಕೆ ಮುಂಚೇನೇ ಬಾಗ್ಲು ಹಾಕ್ಬೇಡಿ ಅಕ್ಕ. ಅಷ್ಟೇ ನಾನು ಕೇಳೋದು."

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ. ಮಿತ್ರಿಗಾಗಿ ಅತ್ತೆ. ಸತ್ತವನ ಜಾಗಕ್ಕೆ ಇನ್ನೊಬ್ಬ ಬಂದು ಕೂರಬಹುದು ಎನ್ನುವುದನ್ನು ಸಹಿಸಲಾರದೆ ಅತ್ತೆ. ಮದುವೆಯ ಗೋಜಿಗೇ ಹೋಗದ ನನ್ನಂಥವಳಿಗೆ ಇವೆಲ್ಲ ಹೇಗೆ ಅರ್ಥವಾಗಬೇಕು, ನೀವೇ ಹೇಳಿ.

ಅಮ್ಮ ಅಡಿಗೆಮನೆಯಲ್ಲಿ ಕೂತು ಎಳೆ ಸೋರೆಕಾಯಿಗಳ ತಿರುಳು ಕೊರೆಯುತ್ತಿದ್ದಳು, ಅನ್ನ ಮಾಂಸ ತುಂಬಿ ಬೇಯಿಸಲು. ಸೀಳದಂತೆ, ತೂತಾಗದಂತೆ ಒಂದೊಂದನ್ನೂ ತಿರುಗಿಸಿ ತಿರುಗಿಸಿ ಕೊರೆಯುತ್ತಿದ್ದ ಅವಳ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಬೆಳಿಗ್ಗೆ ಊರ ಮುಂದೆ ಅವಮಾನವಾದವಳ ಹಾಗೆ ಕಾಣಲೇ ಇಲ್ಲ. ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ ನಾನು ಕೇಳಿದ್ದನ್ನೆಲ್ಲ ಹೇಳಿದೆ. ಎದೆಯೊಡೆದು ಬೀಳುತ್ತಾಳೋ ಏನೋ ಎಂದು ಪಕ್ಕದಲ್ಲಿ ನೀರಿನ ಲೋಟ ಸಿದ್ಧವಿಟ್ಟುಕೊಂಡೇ ಹೇಳಿದೆ.

"ಗೊತ್ತು" ಎಂದಳು ಅಮ್ಮ.

"ಏನ್ ಗೊತ್ತು?"

"ಅವನ ಮನಸ್ಸಲ್ಲಿ ಏನಿದೆ ಅಂತ. ನಾನೇನು ಕುರುಡಿನಾ? ಮಿತ್ರಿ ಇದ್ದಾಗ ಈ ಅಡಿಗೆಮನೆಗೆ ನುಗ್ಗಿ, ನನ್ನನ್ನ ಕೇಳ್ದೆ ಪಾತ್ರೆ ಮುಚ್ಚಳ ತೆಗೀತಿದ್ದ ಹುಡುಗ. ಈಗ ಮೀನು ತಂದ್ರೂ, ಎಣ್ಣೆ ತಂದ್ರೂ ಹೊಸ್ತಿಲಲ್ಲಿ ಇಟ್ಟು ಹೋಗ್ತಾನೆ. ಒಳಗೆ ಬಾರೋ ಅಂದ್ರೆ ಬರಲ್ಲ. ಅಣ್ಣನ ಹಾಗೆ ಇದ್ದೋನು ಇದ್ದಕ್ಕಿದ್ದಂಗೆ ಹೊಸ್ತಿಲು ದಾಟಲ್ಲ ಅಂದ್ರೆ ಏನರ್ಥ?"

"ಗೊತ್ತಿದ್ದೂ ಅವನನ್ನೇ ಕೇಳಿದ್ಯಾ?"

"ಗೊತ್ತಿದ್ದಿದ್ದಕ್ಕೇ ಕೇಳ್ದೆ."

ಇದನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ, ನಾನು ನೀರಿನ ಲೋಟ ಎತ್ತಿ ನಾನೇ ಕುಡಿದೆ. ನನ್ನ ಅಮ್ಮ ಸಾಧು ಹೆಂಗಸೆಂದೇನೂ ನಾನು ತಿಳಿದಿರಲಿಲ್ಲ. ನನ್ನ ನಾಲಗೆ ಎಲ್ಲಿಂದ ಬಂದದ್ದೆಂದು ಊರಿಗೇ ಗೊತ್ತು. ಆದರೂ ಇದು! ಜ್ಞಾನಸ್ನಾನದ ನೀರನ್ನು ಬೇಲಿ ಹಾಕಲು ಬಳಸುವುದು!

"ಅಮ್ಮ, ಅವನು ಆಗಲ್ಲ ಅಂದನಲ್ಲ. ನಿನ್ನ ಲೆಕ್ಕ ತಪ್ಪಿತಲ್ಲ."

"ಎಲ್ಲಿ ತಪ್ಪಿತು? ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಊರು ಕೇಳುತ್ತೆ. ನಾಳೆ ಹೊತ್ತು ಹುಟ್ಟೋದ್ರೊಳಗೆ ಉಮ್ಮ್ ಫದ್ಲೊ ಕಂಡುಹಿಡೀತಾಳೆ. ವಿದಾದ್ ಹೆಸರು ಜನರ ಬಾಯಲ್ಲಿ ಬೀಳುತ್ತೆ. ಅದನ್ನ ಅವನು ತಡ್ಕೊಳ್ಳಲ್ಲ. ಬರ್ತಾನೆ ನೋಡ್ತಿರು." ಇನ್ನೊಂದು ಸೋರೆಕಾಯಿ ಕೈಗೆತ್ತಿಕೊಂಡು ಅಮ್ಮ ಹೇಳಿದಳು, "ಅವನು ತುಂಬಾ ಒಳ್ಳೆ ಹುಡುಗ."

ಖಾಲಿ ಲೋಟ ಕೆಳಗಿಟ್ಟೆ.

"ನಿನಗೆ ಅವಳ ಮೇಲೆ ಇಷ್ಟು ದ್ವೇಷಾನಾ?"

ಆಗ ಕೈ ನಿಂತಿತು. "ದ್ವೇಷ ಯಾಕೆ? ನನ್ನ ಮಗಳಿಗಿಂತ ಚೆನ್ನಾಗಿ ನೋಡ್ಕೊಂಡಿದ್ದಾಳೆ ನನ್ನ. ಆದ್ರೆ ಅವಳು ಹೋದ್ರೆ ಮಗು ಹೋಗುತ್ತೆ ಝಕಿಯ್ಯೆ. ಅವನ ಮನೇಲಿ, ಅವನ ಮಕ್ಕಳ ಜೊತೆ ಬೆಳೆಯುತ್ತೆ. ಅವನನ್ನ ಅಪ್ಪ ಅನ್ನುತ್ತೆ. ಹಬ್ಬಕ್ಕೊಂದು ಸಲ ಕೈ ಹಿಡಿದು ಕರ್ಕೊಂಡು ಬಂದು, ಅಜ್ಜಿಗೆ ಮುತ್ತು ಕೊಡು ಅಂತಾರೆ. ನನ್ನ ಮಿತ್ರಿ ಇನ್ನೊಂದು ಸಲ ಸಾಯ್ತಾನೆ. ಒಂದು ಸಲ ಹೂಳಿದ್ದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಸಾಬಾ ಹೇಳಿದ್ದೂ ಸರಿ, ಇವಳು ಹೇಳಿದ್ದೂ ಸರಿ. ಇಬ್ಬರ ಮೇಲೂ ಸಿಟ್ಟು ಬಂತು.

ತಿರುಗಿದರೆ ಹಿತ್ತಿಲ ಬಾಗಿಲಲ್ಲಿ ವಿದಾದ್. ಹೆಗಲ ಮೇಲೆ ನಿದ್ದೆಹೋದ ಮಗು, ತೋಳಿನ ಮೇಲೆ ಒಣಗಿದ ಬಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಸತ್ತೇಹೋದೆ. ಕಿರುಚುತ್ತಾಳೆ, ತವರಿಗೆ ಹೊರಡುತ್ತಾಳೆ, ಅಮ್ಮನ ಕೂದಲಿಗೆ ಕೈ ಹಾಕುತ್ತಾಳೆ ಎಂದು ಏನೇನೋ ಅಂದುಕೊಂಡೆ.

"ಅತ್ತೆ, ಸ್ನಾನಕ್ಕೆ ಬಂದವ್ರಿಗೆ ಹಂಚೋ ಸಕ್ಕರೆ ಬಾದಾಮಿ ಬರೀ ಬಿಳೀದು ಸಾಕಾ, ನೀಲೀನೂ ತರಿಸೋದಾ?" ಎಂದಳು ವಿದಾದ್.

ಅಮ್ಮನೂ ಬೆಚ್ಚಿದಳು ಎನ್ನುವುದು ನನಗೆ ಕಂಡಿತು. "ಎರಡೂ ತರ್ಸು. ಗಂಡು ಮಗು" ಎಂದಳು.

ಅಮ್ಮ ಹೇಳಿದ ಹಾಗೇ ಆಯಿತು. ನಾನು ದರ್ಜಿ. ಊರಿನ ಮಾತೆಲ್ಲ ಅಳತೆ ಕೊಡಲು ಬರುವ ನೆಪದಲ್ಲಿ ನನ್ನ ಹೊಲಿಗೆ ಯಂತ್ರದ ಮುಂದೆ ಬಂದು ಕೂರುತ್ತದೆ. ಸೋಮವಾರವೇ ಉಮ್ಮ್ ಫದ್ಲೊ ಹರಿಯದ ಲಂಗವೊಂದನ್ನು ಹೊಲಿಸಲು ತಂದಳು.

"ನಾನೇನೂ ಹೇಳ್ತಿಲ್ಲಮ್ಮ. ಜನ ಹೇಳ್ತಾರೆ. ಆ ಹುಡುಗ ಯಾಕೆ ಒಲ್ಲೆ ಅಂದ ಅಂದ್ರೆ, ಅವನಿಗೆ ತಂಗಿ ಬೇಡ್ವಂತೆ. ಬೇರೇನೋ ಬೇಕಂತೆ."

"ನಿನ್ನ ಲಂಗ ಎಲ್ಲಿ ಹರಿದಿದೆ?"

"ಹುಡುಕಿದ್ರೆ ಸಿಗುತ್ತೆ ಬಿಡು. ಅವಳೂ ಏನು ಕಮ್ಮಿನಾ? ಬಸುರಿಯಾಗಿದ್ದಾಗಲೇ ಅವನು ಮೀನು ತಂದ್ಕೊಡ್ತಿದ್ನಂತೆ. ಗಂಡನ ಮಣ್ಣು ಇನ್ನೂ ಒಣಗಿರ್ಲಿಲ್ಲ."

"ಲಂಗ ಬಿಟ್ಟು ಹೋಗು. ಬಾಯಿ ಹೊಲಿಯೋ ದಾರ ತರಿಸ್ತೀನಿ, ಆಗ ಬಾ" ಎಂದೆ. ಎದ್ದು ಹೋದಳು. ಆದರೆ ಒಬ್ಬಳ ಬಾಯಿ ಮುಚ್ಚಿಸಿದರೆ ಏನಾದೀತು? ಬಾವಿಕಟ್ಟೆಯಲ್ಲಿ, ರೊಟ್ಟಿ ಒಲೆಯ ಹತ್ತಿರ, ಎಲ್ಲೆಲ್ಲೂ ಅದೇ. ವಿದಾದ್ ರೊಟ್ಟಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಅವಳಿಗೆ ಮೊದಲು ದಾರಿ ಬಿಡುತ್ತಿದ್ದರಂತೆ. ಅಂಥ ಮರ್ಯಾದೆ ಶತ್ರುವಿಗೂ ಬೇಡ.

ಗುರುವಾರ ಸಂಜೆ ಸಾಬಾ ಬಂದ. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಕೈಯಲ್ಲಿ ಟ್ರಿಪೋಲಿ ಪೇಟೆಯ ಅಂಗಡಿಯ ದೊಡ್ಡ ಪೆಟ್ಟಿಗೆ. ಅದರೊಳಗೆ ಮಗುವಿನ ಬಿಳಿ ಬಟ್ಟೆ, ಪುಟ್ಟ ಚಿನ್ನದ ಶಿಲುಬೆ, ರಿಬ್ಬನ್ ಕಟ್ಟಿದ ಮೇಣದ ಬತ್ತಿ.

"ದೊಡ್ಡಮ್ಮ, ಅವತ್ತು ಬುದ್ಧಿ ಕೆಟ್ಟಿತ್ತು. ಮಗೂನ ನಾನೇ ಎತ್ಕೋತೀನಿ" ಎಂದ.

ನಾನು ಬೆರಳಿಗೆ ಸೂಜಿ ಚುಚ್ಚಿಕೊಂಡೆ. ನಾಲ್ಕು ದಿನದ ಹಿಂದೆ ಇವನಿಗೆ ಉಪ್ಪು ಎಸೆದಿದ್ದ ನಾನೇ ಈಗ ಎದ್ದುಹೋಗಿ ಅವನ ಕೊರಳಪಟ್ಟಿ ಹಿಡಿದು, ಬೇಡ ಕಣೋ ಮೂರ್ಖ, ಎನ್ನಬೇಕೆಂದುಕೊಂಡೆ. ಯಾವಾಗ ನನ್ನ ಮನಸ್ಸು ಮಗುಚಿತೋ ನನಗೇ ತಿಳಿಯದು.

"ಬಾಪ್ಪ, ಒಳಗೆ ಬಾ" ಎಂದಳು ಅಮ್ಮ.

ಅವನು ಒಳಗೆ ಬಂದ. ಅಣ್ಣನಾಗಲು ಒಪ್ಪಿದವನಿಗೆ ಇನ್ನೇನು ತಡೆ? ಮಿತ್ರಿ ಕೂರುತ್ತಿದ್ದ ಕುರ್ಚಿಯಲ್ಲಿ ಅಮ್ಮ ಅವನನ್ನು ಕೂರಿಸಿದಳು. ವಿದಾದ್ ಕಾಫಿ ತಂದಳು. ಅವಳ ಮುಖ ನೋಡುವ ಹಾಗಿರಲಿಲ್ಲ. ಸಾಬಾ ಲೋಟ ತೆಗೆದುಕೊಂಡು, "ನಿಮ್ಮ ಕೈಗಳಿಗೆ ಆರೋಗ್ಯ ಇರ್ಲಿ ತಂಗಿ" ಎಂದ. ಆ ಕೊನೆಯ ಪದ ಒಂದು ಗಳಿಗೆ ತಡವಾಗಿ ಹೊರಬಂದದ್ದು ನನಗೆ ಕೇಳಿಸಿತು. ಅಮ್ಮನಿಗೂ ಕೇಳಿಸಿರಬೇಕು. ಸಕ್ಕರೆ ಸಾಕಾ ಎಂದು ಕೇಳಿದಳು.

ಶನಿವಾರ ಮಧ್ಯಾಹ್ನ ನಾನು, ವಿದಾದ್ ಇಬ್ಬರೇ ಕೂತು ಸಕ್ಕರೆ ಬಾದಾಮಿಗಳನ್ನು ಬಲೆಬಟ್ಟೆಯ ತುಂಡುಗಳಲ್ಲಿ ಹಾಕಿ ಗಂಟು ಕಟ್ಟುತ್ತಿದ್ದೆವು. ಅಮ್ಮ ಚರ್ಚಿಗೆ ಹೋಗಿದ್ದಳು, ಸ್ನಾನದ ತೊಟ್ಟಿ ತೊಳೆಸಲು. ಇನ್ನು ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದಾಗಲಿಲ್ಲ.

"ವಿದಾದ್, ನಿನ್ನ ಮನಸ್ಸಲ್ಲಿ ಏನಿದೆ ಹೇಳೇ. ಬಯ್ಯಲ್ಲ."

ಅವಳು ಕೈಯಲ್ಲಿದ್ದ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು. "ಅವರು ಬಂದು ಮೀನು ಇಟ್ಟು ಹೋಗ್ತಿದ್ರಲ್ಲ ಅಕ್ಕ, ಒಂದಿನ ಬರಲಿಲ್ಲ. ಜ್ವರ ಅಂತ ಆಮೇಲೆ ಗೊತ್ತಾಯ್ತು. ಅವತ್ತು ನಾನು ಬಾಗಿಲ ಕಡೆನೇ ಕಿವಿ ಇಟ್ಕೊಂಡು ಕೂತಿದ್ದೀನಿ ಅಂತ ನನಗೇ ಗೊತ್ತಾಗ್ಲಿಲ್ಲ. ಗೊತ್ತಾದಾಗ ಮಿತ್ರಿ ಫೋಟೋ ಮುಂದೆ ಕೂತು ಅತ್ತೆ. ಕ್ಷಮಿಸು ಅಂತ ಕೇಳ್ಕೊಂಡೆ. ಅಷ್ಟೇ. ಬೇರೇನೂ ಇಲ್ಲ."

"ಹಾಗಾದ್ರೆ ಅವನು ಎತ್ಕೋಬಾರ್ದು ಅಂತ ಹೇಳು. ನೀನು ಹೆತ್ತವಳು. ಪಾದ್ರಿಗಳು ನಿನ್ನ ಮಾತು ಕೇಳ್ತಾರೆ. ನಾನು ಬರ್ತೀನಿ ಜೊತೆಗೆ, ಈಗಲೇ ಹೋಗೋಣ."

"ಹೇಳಿದ್ರೆ ಅತ್ತೆ ಗತಿ ಏನು?" ಅವಳು ತಲೆಯೆತ್ತಿದಳು. "ದಿನಾ ಬೆಳಿಗ್ಗೆ ಮಗು ಬಟ್ಟೆ ಒಗೆಯೋಕೆ ಹಾಕೋಕೆ ಮುಂಚೆ ಮೂಸಿ ನೋಡ್ತಾರೆ. ಮಿತ್ರಿ ಚಿಕ್ಕವನಾಗಿದ್ದಾಗಿನ ವಾಸನೆ ಬರುತ್ತಂತೆ. ಅವರ ಕೈಯಿಂದ ಈ ಮಗೂನ ಕಿತ್ಕೊಂಡು ಹೋಗಿ ನಾನು ಯಾರ ಜೊತೆ ಸುಖವಾಗಿರ್ಲಿ?"

ನಾನು ಬಾದಾಮಿಯೊಂದನ್ನು ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದೆ. ಏನಾದರೂ ಕಡಿಯಬೇಕಿತ್ತು.

"ಅಕ್ಕ" ಎಂದಳು ವಿದಾದ್, "ಗಂಡು ಮಗೂನ ಹೆಂಗಸು ಎತ್ಕೋಬಹುದಾ?"

"ಯಾಕಾಗ್ಬಾರ್ದು? ನಮ್ಮ ಪಾದ್ರಿ ಗ್ರೀಗೋರ್ ಅವರನ್ನೇ ಅವರ ಸೋದರತ್ತೆ ಎತ್ಕೊಂಡಿದ್ದು. ಹೆತ್ತ ಅಪ್ಪ ಅಮ್ಮ ಎತ್ಕೋಬಾರ್ದು ಅಷ್ಟೇ."

ಅವಳು "ಹೌದಾ" ಎಂದು ಬಲೆಬಟ್ಟೆಯ ಇನ್ನೊಂದು ತುಂಡು ಎತ್ತಿಕೊಂಡಳು. ಸೋದರತ್ತೆ ಅಂದರೆ ಇನ್ಯಾರು? ನಾನೇ. ನಾಳೆ ನನ್ನ ತೋಳಿಗೆ ಕೊಡುತ್ತಾಳೆ. ಅಮ್ಮ ನನ್ನನ್ನು ಮನೆಯಿಂದ ಹೊರಗೆ ಹಾಕಿದರೂ ಸರಿ ಎಂದು ನಿರ್ಧಾರ ಮಾಡಿದೆ. ಸಂಜೆ ಪಾತ್ರೆ ತೊಳೆಯುತ್ತ, ಮಗುವನ್ನು ಎತ್ತಿಕೊಂಡವರು ಹೇಳಬೇಕಾದ ವಿಶ್ವಾಸಪ್ರಮಾಣವನ್ನು ಬಾಯಿಪಾಠ ಹೇಳಿ ನೋಡಿಕೊಂಡೆ. ನಡುವೆ ಒಂದು ಕಡೆ ಮರೆತಿತ್ತು, ಪುಸ್ತಕ ತೆಗೆದು ಸರಿಮಾಡಿಕೊಂಡೆ. ಭಾನುವಾರ ನನ್ನ ಕಡುನೀಲಿ ರೇಷ್ಮೆಯ ಬಟ್ಟೆ ಹಾಕಿಕೊಂಡೆ. ಸ್ನಾನದಲ್ಲಿ ಮಗುವಿನ ಮೈಗೆ ಹಚ್ಚುವ ಎಣ್ಣೆ ತಾಗಿ ಹಾಳಾದರೂ ಆಗಲಿ ಎಂದು.

ಚರ್ಚಿನ ಪಡುವಣ ಬಾಗಿಲ ಹತ್ತಿರ ತೊಟ್ಟಿ ಇಟ್ಟಿದ್ದರು. ಹೆಂಗಸರು ಬಿಸಿನೀರು ತಂದು ಸುರಿದು, ಮೊಣಕೈ ಅದ್ದಿ ನೋಡಿ, ಇನ್ನೊಂದು ಚೂರು ತಣ್ಣೀರು ಎನ್ನುತ್ತಿದ್ದರು. ಊರಿನಲ್ಲಿ ಮನೆಯಲ್ಲಿ ಉಳಿದವರು ಯಾರಾದರೂ ಇದ್ದರೋ ಇಲ್ಲವೋ. ಇಷ್ಟು ಜನ ಪ್ರೀತಿಗೆ ಬಂದಿರಲಿಲ್ಲ, ನೋಡುವುದಕ್ಕೆ ಬಂದಿದ್ದರು. ಸಾಬಾ ಮೇಣದ ಬತ್ತಿ ಹಿಡಿದು ಬಾಗಿಲ ಪಕ್ಕ ನಿಂತಿದ್ದ. ಅಮ್ಮ ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು, ಗೆದ್ದವಳ ಹಾಗೆ.

ಪಾದ್ರಿ ಗ್ರೀಗೋರ್ ಪುಸ್ತಕ ಬಿಡಿಸಿ, "ಮಗುವನ್ನ ಎತ್ಕೊಳ್ಳೋರು ಯಾರು? ಮುಂದೆ ಬನ್ನಿ" ಎಂದರು.

ಸಾಬಾ ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದ. ನಾನೂ ಒಂದು ಹೆಜ್ಜೆ ಇಟ್ಟೆ. ವಿದಾದ್ ಮಗುವನ್ನೆತ್ತಿಕೊಂಡು ಬಂದವಳು ಸಾಬಾನನ್ನು ದಾಟಿದಳು. ಚಾಚಲು ಹೊರಟ ನನ್ನ ಕೈಯನ್ನೂ ದಾಟಿದಳು. ಅಮ್ಮನ ಮುಂದೆ ಹೋಗಿ ನಿಂತಳು.

"ಅತ್ತೆ, ನೀವು ಎತ್ಕೊಳ್ಳಿ."

ಅಮ್ಮನಿಗೆ ಅರ್ಥವೇ ಆಗಲಿಲ್ಲ. "ಏನೇ ತಮಾಷೆ ಇದು? ಸಾಬಾಗೆ ಕೊಡು. ಅವನು ನಿಂತಿದ್ದಾನಲ್ಲ."

"ಅವರು ಎತ್ಕೋಬಾರ್ದು ಅತ್ತೆ. ನಾನು ಅವರನ್ನ ಮದುವೆ ಆಗ್ಬೇಕು ಅಂತಿದ್ದೀನಿ."

ಹೇಳಿಯೇಬಿಟ್ಟಳು! ಚರ್ಚಿನೊಳಗೆ, ಪಾದ್ರಿಗಳೆದುರು, ಕರಿಬಟ್ಟೆ ಉಟ್ಟುಕೊಂಡು, ಅತ್ತೆಯ ಮುಖ ನೋಡಿಕೊಂಡು! ನನ್ನ ಹಿಂದೆ ಉಮ್ಮ್ ಫದ್ಲೊ ಕೈಯಲ್ಲಿದ್ದ ಬಾದಾಮಿ ಬುಟ್ಟಿಯನ್ನು ಬೀಳಿಸಿದಳು. ಗಂಟುಗಳು ಕಲ್ಲುಹಾಸಿನ ಮೇಲೆ ಉರುಳಿ ಹೋಗುವ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಸಾಬಾ ಕಲ್ಲಾಗಿದ್ದ. ಅವನಿಗೂ ಇದು ಈಗಲೇ ಗೊತ್ತಾದದ್ದು ಎನ್ನುವುದು ಅವನ ಮುಖದಲ್ಲೇ ಬರೆದಿತ್ತು. ಪಾದ್ರಿ ಗ್ರೀಗೋರ್ ಬೆರಳಿಟ್ಟು ಪುಸ್ತಕ ಮುಚ್ಚಿದರು.

"ನಾಚಿಕೆಗೆಟ್ಟವಳೇ" ಎಂದಳು ಅಮ್ಮ, ಉಸಿರಿನಷ್ಟೇ ಸಣ್ಣ ದನಿಯಲ್ಲಿ.

"ಬೈರಿ ಅತ್ತೆ, ಮನೇಲಿ ಎಷ್ಟು ಬೇಕಾದ್ರೂ ಬೈರಿ. ಈಗ ನಾನು ಹೇಳೋದು ಕೇಳಿ." ವಿದಾದ್ ಮಗುವನ್ನು ಇನ್ನಷ್ಟು ಮುಂದೆ ಹಿಡಿದಳು. "ನೀವು ಎತ್ಕೊಂಡ್ರೆ ಇವನು ನಿಮಗೆ ಮೊಮ್ಮಗ ಅಲ್ಲ, ಮಗ. ನಾನು ಯಾವ ಮನೆಗೆ ಹೋದ್ರೂ, ಬದುಕಿದ್ರೂ ಸತ್ರೂ, ಅದನ್ನ ಯಾರೂ ಬಿಡಿಸೋಕಾಗಲ್ಲ. ನಾಳೆ ನನಗೆ ಬುದ್ಧಿ ಕೆಟ್ಟು, ಅಜ್ಜಿ ಮನೆಗೆ ಹೋಗ್ಬೇಡ ಅಂದ್ರೂ ನನ್ನ ಮಾತು ನಡೆಯಲ್ಲ. ಇವನಿಗೆ ಪ್ರಾರ್ಥನೆ ಕಲಿಸೋರು ನೀವು. ಇವನ ಮದುವೆಗೆ ಒಪ್ಪಿಗೆ ಕೊಡೋರು ನೀವು. ನಾನು ಬೇರೆ ಕಡೆ ಹೋಗ್ಬಹುದು ಅತ್ತೆ. ಇವನು ನಿಮ್ಮಿಂದ ಎಲ್ಲೂ ಹೋಗೋಕಾಗಲ್ಲ."

ಅಮ್ಮ ಸುತ್ತ ನೋಡಿದಳು. ಇಡೀ ಊರು ಅವಳನ್ನೇ ನೋಡುತ್ತಿತ್ತು. ಮಗುವನ್ನು ಎತ್ತಿಕೋ ಎಂದಾಗ ಯಾರೂ ಇಲ್ಲವೆನ್ನುವುದಿಲ್ಲ. ಆದರೆ ಅವಳು ಜನರಿಗೆ ಹೆದರಿ ಸುಮ್ಮನಿದ್ದಳೆಂದು ನನಗನ್ನಿಸಲಿಲ್ಲ. ಜನರಿಗೆ ಹೆದರುವ ಜಾತಿಯವಳಲ್ಲ ಅವಳು. ಅವಳು ಮಗುವಿನ ಮುಖ ನೋಡುತ್ತಿದ್ದಳು, ಮತ್ತೆ ಸೊಸೆಯ ಮುಖ, ಮತ್ತೆ ಮಗು. ಇಷ್ಟು ಹೆದರಿಕೊಂಡ ಅಮ್ಮನನ್ನು ನಾನು ಮಿತ್ರಿಯನ್ನು ಮನೆಗೆ ತಂದ ದಿನವೂ ನೋಡಿರಲಿಲ್ಲ.

"ಉಮ್ಮ್ ಮಿತ್ರಿ" ಎಂದರು ಪಾದ್ರಿಗಳು ಮೆತ್ತಗೆ. "ನೀರು ಆರ್ತಾ ಇದೆ."

ಅಮ್ಮ ಕೈ ಚಾಚಿದಳು. ಚಾಚಿದ್ದಲ್ಲ, ಕಸಿದುಕೊಂಡಳು. ಕಸಿದು ಎದೆಗೊತ್ತಿಕೊಂಡು ತೊಟ್ಟಿಯ ಹತ್ತಿರ ದಾಪುಗಾಲಿಟ್ಟಳು. ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಮೆಲ್ಲನೆ ಇಳಿಸಿ ರೇಷ್ಮೆಯ ನೆರಿಗೆ ಸರಿಮಾಡಿಕೊಂಡೆ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಪಾದ್ರಿಗಳು ಅವಳನ್ನು ಪಡುವಣಕ್ಕೆ ಮುಖ ಮಾಡಿಸಿ ನಿಲ್ಲಿಸಿದರು. ಸೈತಾನ ಇರುವ ದಿಕ್ಕು ಅದು. ತೆರೆದ ಬಾಗಿಲು ಅತ್ತಲೇ, ಬಾಗಿಲ ಪಕ್ಕ ಹಿಂದೆ ಸರಿದು ನಿಂತಿದ್ದ ಸಾಬಾ ಕೂಡ ಅತ್ತಲೇ.

"ಸೈತಾನನನ್ನು ತ್ಯಜಿಸುತ್ತೀಯಾ?"

"ತ್ಯಜಿಸುತ್ತೇನೆ."

ಮೂರು ಸಲ ಕೇಳಿದರು, ಮೂರು ಸಲವೂ ಹಲ್ಲು ಕಡಿದು ಹೇಳಿದಳು.

"ಅವನ ಮೇಲೆ ಉಗುಳು."

ಬೇರೆಯವರೆಲ್ಲ ಇಲ್ಲಿ ಬಾಯಲ್ಲಿ ಥೂ ಎಂದು ಸದ್ದು ಮಾಡಿ ಮುಗಿಸುತ್ತಾರೆ. ನನ್ನ ಅಮ್ಮ ನಿಜವಾಗಿಯೇ ಉಗುಳಿದಳು. ಅದು ಹೋಗಿ ಸಾಬಾನ ಹೊಸ ಬೂಟಿನ ಪಕ್ಕ ಬಿತ್ತು. ಅವನು ಕಾಲು ಸರಿಸಲಿಲ್ಲ. ಯಾರೋ ನಕ್ಕು, ತಕ್ಷಣ ಕೆಮ್ಮಿದರು.

ಮೂಡಣಕ್ಕೆ ತಿರುಗಿಸಿದಾಗ ವಿಶ್ವಾಸಪ್ರಮಾಣವನ್ನು ಪುಸ್ತಕವಿಲ್ಲದೆ, ಒಂದೂ ಮಾತು ತಪ್ಪದೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಮಗುವಿನ ಹೆಸರು?"

ಹೆಸರು ಹೇಳುವುದು ಎತ್ತಿಕೊಂಡವರ ಕೆಲಸ. ಅಮ್ಮ ಮಗುವಿನ ಮುಖ ನೋಡಿದಳು. "ಮಿತ್ರಿ" ಎಂದಳು. ಆಮೇಲೆ ಯಾರೂ ಕೇಳದಿದ್ದರೂ ಮತ್ತೆ, ಜೋರಾಗಿ, ಬೀದಿಯಲ್ಲಿ ಆಡುವ ಮಗನನ್ನು ಊಟಕ್ಕೆ ಕರೆಯುವ ಹಾಗೆ, "ಮಿತ್ರಿ!" ಎಂದಳು. ಆಗ ನಾವೆಲ್ಲ ಅತ್ತೆವು. ಉಮ್ಮ್ ಫದ್ಲೊ ಕೂಡ ಅತ್ತಳು, ಅವಳ ಪಾಪ ಒಂದಿಷ್ಟು ಕಳೆಯಲಿ.

ಮೈಗೆಲ್ಲ ಎಣ್ಣೆ ಹಚ್ಚಿ, ಮೂರು ಸಲ ಮುಳುಗಿಸಿ ಎತ್ತಿದಾಗ ಮಗು ಚರ್ಚಿನ ಛಾವಣಿ ಹಾರುವ ಹಾಗೆ ಕಿರುಚಿತು. ಅಮ್ಮ ಒದ್ದೆ ಮಗುವನ್ನು ಬಿಳಿ ಬಟ್ಟೆಯಲ್ಲಿ ಹಿಡಿದುಕೊಂಡಳು, ಸಾಬಾ ತಂದ ಬಟ್ಟೆಯನ್ನೇ ತೊಡಿಸಿದಳು, ತೊಟ್ಟಿಯ ಸುತ್ತ ಸುತ್ತು ಹಾಕಿದಳು. ಎಲ್ಲ ಮುಗಿದ ಮೇಲೆ ಮಗುವನ್ನು ಹೆತ್ತವಳಿಗೆ ಒಪ್ಪಿಸಬೇಕು. ವಿದಾದ್ ಬಂದು ಬಗ್ಗಿ ಅಮ್ಮನ ಕೈಗೆ ಮುತ್ತಿಟ್ಟಳು. ಅಮ್ಮ ಕೈ ಹಿಂದೆಗೆಯಲಿಲ್ಲ, ಮಗುವನ್ನೂ ಕೊಡಲಿಲ್ಲ. ಜನ ಕಾದರು. ಎಷ್ಟೋ ಹೊತ್ತಾದ ಮೇಲೆ ಅದರ ಹಣೆಗೆ ಮೂಗು ತಾಗಿಸಿ, ಉಸಿರೆಳೆದುಕೊಂಡು, ವಿದಾದ್‌ಳ ತೋಳಿಗೆ ಇಟ್ಟಳು.

ಆಮೇಲೆ ಬಾಗಿಲ ಕಡೆ ತಿರುಗಿದಳು.

"ಏಯ್, ನೀನು."

"ಹೇಳಿ ದೊಡ್ಡಮ್ಮ" ಎಂದ ಸಾಬಾ.

"ವರ್ಷದ ಪೂಜೆ ಮುಗಿಯೋವರೆಗೆ ಇವಳ ಹೆಸರು ನಿನ್ನ ಬಾಯಲ್ಲಿ ಬರಕೂಡ್ದು. ಮುಗಿದ ಮೇಲೆ ಬಂದು ನನ್ನನ್ನ ಕೇಳು. ಹೂಂ ಅಂತೀನೋ ಉಹೂಂ ಅಂತೀನೋ ಅವತ್ತು ನೋಡ್ಕೋತೀನಿ." ಅಮ್ಮ ಕರಿ ತಲೆಬಟ್ಟೆಯಿಂದ ಮೂಗು ಒರೆಸಿಕೊಂಡು ನಮ್ಮ ಮೇಲೆಲ್ಲ ರೇಗಿದಳು. "ಎಲ್ಲಾ ಏನ್ ನೋಡ್ತಾ ನಿಂತಿದ್ದೀರಿ? ಒಂದು ಕುರ್ಚಿ ತರೋಕಾಗಲ್ವಾ ಯಾರ ಕೈಲೂ? ನನ್ನ ಮಗನಿಗೆ ಹಸಿವಾಗಿದೆ. ಇವಳು ಕೂತ್ಕೊಂಡು ಹಾಲು ಕುಡಿಸ್ಬೇಕು."

ಕುರ್ಚಿ ತರಲು ನಾನೇ ಓಡಿದೆ.